ಜೊತೆಗೆ ಇನ್ನೇನು ಕೊಡ್ಲಿ ಸರ್?

ಅಂಗಡಿಗೆ ಹೋಗಿ ಒಂದು ಸಾಮಾನು ಕೊಳ್ಳುವುದು ಸುಲಭ. ಅದೊಂದನ್ನೇ ಕೊಂಡು ಹೊರಗೆ ಬರುವುದಕ್ಕೆ ಎಂಟೆದೆ ಬೇಕು.

ಮೊನ್ನೆ ಶೂ ತರಲು ಹೋಗಿದ್ದೆ. ಅಂಗಡಿಯ ಹುಡುಗ ಶೂ ತೊಡಿಸಿ, ಬೆರಳಿನ ಜಾಗ ಒತ್ತಿ ನೋಡಿ, "ಮಳೇಲಿ ನೆಂದ್ರೂ ಏನೂ ಆಗಲ್ಲ ಸರ್, ಅಂಥಾ ಚರ್ಮ" ಎಂದ. ಸರಿ, ಇದನ್ನೇ ಕೊಡಪ್ಪ ಎಂದೆ. ಶೂ ಇನ್ನೂ ಡಬ್ಬಿ ಸೇರಿರಲಿಲ್ಲ, ಅವನ ಕೈಯಲ್ಲಿ ಒಂದು ಸ್ಪ್ರೇ ಬಾಟಲಿ. "ಇದನ್ನ ಹೊಡೀಲಿಲ್ಲ ಅಂದ್ರೆ ನೀರು ಬಿದ್ದ ಕೂಡ್ಲೇ ಕಲೆ ಆಗುತ್ತೆ ಸರ್." ಆಗಷ್ಟೇ ಮಳೆಗೆ ಜಗ್ಗದಿದ್ದ ಚರ್ಮ ಈಗ ತುಂತುರಿಗೂ ಹೆದರುತ್ತಿತ್ತು! ಬೇಡ ಎಂದೆ. ಪಾಲಿಶ್ ಬಂತು. ಅದೂ ಬೇಡ ಎಂದೆ. ಸಾಕ್ಸ್ ಬಂತು, ಮೂರು ಜೊತೆಯ ಕಟ್ಟು. "ಮನೇಲಿ ಬೇಕಾದಷ್ಟು ಇದೆ" ಎಂದೆ. ಅವನು ಮಾತಾಡಲಿಲ್ಲ. ಸುಮ್ನೆ ನನ್ನ ಕಾಲಿನ ಕಡೆ ನೋಡಿದ. ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ಸಾಕ್ಸ್ ತಗೊಂಡೆ.

ಆಮೇಲೆ ಬಿಲ್ ಕೌಂಟರು. ಫೋನ್ ನಂಬರ್ ಹೇಳಿ ಸರ್, ಮೆಂಬರ್‌ಶಿಪ್ ಕಾರ್ಡ್ ಮಾಡ್ಲಾ ಸರ್, ಬ್ಯಾಗ್ ಬೇಕಾ ಸರ್. ಅದನ್ನೆಲ್ಲ ಪೂರ್ತಿ ಬರೆಯುವ ತಾಳ್ಮೆ ನನಗಿಲ್ಲ.

ಹೋಟೆಲಿನವರು ಇವರಿಗಿಂತ ಜಾಣರು. ಬೇಕಾ ಬೇಡವಾ ಅಂತ ಕೇಳುವುದೇ ಇಲ್ಲ, ಯಾವುದು ತರಲಿ ಅಂತಲೇ ಶುರು. "ನೀರು ಯಾವುದು ಸರ್, ಬಾಟಲಿದಾ, ಸಾದಾನಾ?" ಸಾದಾ ಅನ್ನುವಾಗ ದನಿ ಅರ್ಧ ಇಳಿಯುತ್ತದೆ, ಹುಬ್ಬು ಅಷ್ಟೇ ಏರುತ್ತದೆ. ಅದೂ ನೆಂಟರು ಎದುರಿಗೆ ಕೂತಿರುವಾಗ. ಬಾಯಾರಿಕೆ ನನ್ನೊಬ್ಬನದು, ಮರ್ಯಾದೆ ಇಡೀ ಮನೆತನದ್ದು. ಬಾಟಲಿ ನೀರೇ ಬರುತ್ತದೆ.

ಆನ್‌ಲೈನ್ ಅಂಗಡಿಗಳೂ ಇದೇ ಆಟ ಆಡುತ್ತವೆ. ನಾವು ಕೇಳದ ಸೇವೆಗೆ ಅವರೇ ಟಿಕ್ ಹಾಕಿಟ್ಟಿರುತ್ತಾರೆ. ಹಾಗೆ ಮೊದಲೇ ಟಿಕ್ ಹಾಕಿ ಜಾಸ್ತಿ ದುಡ್ಡು ತೆಗೆದುಕೊಳ್ಳಬಾರದು ಎಂಬ ನಿಯಮ ಯುರೋಪಿಯನ್ ಒಕ್ಕೂಟದಲ್ಲಿ 2014ರಿಂದ ಇದೆ. ಒಳ್ಳೆಯದೇ. ಆದರೆ ಪುಸ್ತಕ, ಪೆನ್ನು ಹಿಡಿದು ಪಕ್ಕದಲ್ಲಿ ನಗುತ್ತಾ ನಿಂತಿರುವ ಮನುಷ್ಯನ ಟಿಕ್ ತೆಗೆಯುವುದು ಹೇಗೆ?

ನಮ್ಮ ಈ ಸಂಕೋಚವೇ ಅವರ ಬಂಡವಾಳ. ಅಮೆರಿಕದಲ್ಲಿ ಡೇವಿಡ್ ವಾಲರ್‌ಸ್ಟೈನ್ ಎಂಬಾತ ಸಿನಿಮಾ ಥಿಯೇಟರುಗಳ ಕಂಪನಿಯಲ್ಲಿದ್ದ. ಜನ ಎರಡನೇ ಪೊಟ್ಟಣ ಪಾಪ್‌ಕಾರ್ನ್ ಕೊಳ್ಳುವುದಿಲ್ಲ, ಹೊಟ್ಟೆಬಾಕ ಅಂದುಕೊಂಡಾರು ಎಂದು ನಾಚುತ್ತಾರೆ ಅನ್ನುವುದು ಅವನ ಕಣ್ಣಿಗೆ ಬಿತ್ತು. ಪೊಟ್ಟಣವನ್ನೇ ದೊಡ್ಡದು ಮಾಡಿಬಿಟ್ಟ. ಒಂದೇ ಪೊಟ್ಟಣ ಅಲ್ವಾ, ಜನ ಧಾರಾಳವಾಗಿ ಕೊಂಡರು! ಜಾಸ್ತಿ ಕೊಂಡರೆ ಹೊಟ್ಟೆಬಾಕ, ಕಮ್ಮಿ ಕೊಂಡರೆ ಜಿಪುಣ. ಎರಡೂ ಹೆದರಿಕೆಯಿಂದ ಲಾಭ ಯಾರಿಗೆ ಅಂತ ಬೇರೆ ಹೇಳಬೇಕೇ?

ಕೇಳುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರ ಬೆನ್ನ ಹಿಂದೆ ಮ್ಯಾನೇಜರ್, ಮ್ಯಾನೇಜರ್ ಬೆನ್ನ ಹಿಂದೆ ಟಾರ್ಗೆಟ್. ಒಂದು ಸಲ ಕೇಳಲಿ, ಪಾಪ. ಬೇಡ ಎಂದ ಮೇಲೂ "ಟ್ರೈ ಮಾಡಿ ನೋಡಿ ಸರ್" ಅಂದಾಗ ಮಾತ್ರ ಎದ್ದು ಹೋಗೋಣ ಅನಿಸುತ್ತದೆ. ಹೊಟ್ಟೆ ಬಿಡುವುದಿಲ್ಲ.

ನನ್ನ ಹೆಂಡತಿಯ ದಾರಿಯೇ ಬೇರೆ. ಮೊನ್ನೆ ಹೋಟೆಲಿನಲ್ಲಿ ಮಾಣಿ ಮೆನುವಿನ ಕೊನೇ ಪುಟ ತೆಗೆದು, "ಇವತ್ತಿನ ಸ್ಪೆಷಲ್ ಮೇಡಂ, ತಗೊಳ್ಲೇಬೇಕು" ಎಂದ. ಇವಳು ಕನ್ನಡಕ ಏರಿಸಿ ಕೇಳಿದಳು: "ನೀವು ತಿಂದು ನೋಡಿದ್ದೀರಾ?"

ಅವನು ಆಚೆ ಈಚೆ ನೋಡಿ, ಬಗ್ಗಿ, "ಇಲ್ಲ ಮೇಡಂ. ನಾನು ಮನೆಯಿಂದ ಬುತ್ತಿ ತರ್ತೀನಿ" ಎಂದ.

"ಬಿಲ್ ತನ್ನಿ ಹಾಗಾದ್ರೆ."

ಅಷ್ಟರಲ್ಲಿ ಮ್ಯಾನೇಜರ್ ಈ ಕಡೆ ಬಂದ. ಹುಡುಗ ನೆಟ್ಟಗಾಗಿ, ಇಡೀ ಹಾಲಿಗೆ ಕೇಳುವಂತೆ, "ಸ್ವೀಟ್ ಯಾವುದು ತರ್ಲಿ ಮೇಡಂ?" ಎಂದ.

ಇವಳೂ ಅಷ್ಟೇ ಜೋರಾಗಿ, "ಎಲ್ಲಾನೂ ಚೆನ್ನಾಗಿದೆಯಪ್ಪ, ಯಾವುದು ಅಂತ ಯೋಚನೆ ಮಾಡ್ತಿದ್ದೀನಿ" ಎಂದಳು. ಮ್ಯಾನೇಜರ್ ತೃಪ್ತಿಯಿಂದ ತಲೆಯಾಡಿಸಿ ಮುಂದಿನ ಟೇಬಲ್ಲಿಗೆ ಹೋದ. ಬಿಲ್ ಬಂತು.