ಅಭ್ಯಾಸ ಆಗುತ್ತೆ ಬಿಡಿ

ಲಂಡನ್ನಿಗೆ ಬರುತ್ತಿದ್ದೀನಿ, ಎಲ್ಲಿ ಮನೆ ಮಾಡಲಿ ಅಂತ ಇಲ್ಲಿರುವ ಯಾರನ್ನಾದರೂ ಕೇಳಿ ನೋಡಿ. ಹ್ಯಾರೋದವರು ಹ್ಯಾರೋ ಅಂತಾರೆ. ಹೌನ್‌ಸ್ಲೋದವರು ಹೌನ್‌ಸ್ಲೋ ಬಿಟ್ಟು ಬೇರೆ ಕಡೆ ಯಾಕೆ ನೋಡ್ತೀರಿ ಅಂತಾರೆ. ಈಸ್ಟ್ ಹ್ಯಾಮಿನವರು ಕರಿಬೇವು, ತೆಂಗಿನಕಾಯಿ, ಇಡ್ಲಿ ಅಕ್ಕಿ ಎಲ್ಲ ನಡೆದು ಹೋಗಿ ತರಬಹುದು, ಮುರುಗನ ದೇವಸ್ಥಾನವೂ ಇದೆ, ಇನ್ನೇನು ಬೇಕು ಅಂತ ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಸುಳ್ಳು ಹೇಳುತ್ತಾರೆ ಅಂತಲ್ಲ. ತಿಂಗಳು ತಿಂಗಳು ಅಷ್ಟೊಂದು ಬಾಡಿಗೆ ಕಟ್ಟುವವನು ತನ್ನ ಏರಿಯಾ ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ತಾನೆ, ಪಾಪ. ಅದಕ್ಕೇ ನಾನು ಈಗ ಏರಿಯಾ ಹೇಗಿದೆ ಅಂತ ಕೇಳೋದೇ ಇಲ್ಲ. ಅಲ್ಲಿ ನಿಮಗೆ ಏನೇನು ಅಭ್ಯಾಸ ಆಗಿದೆ ಅಂತ ಕೇಳುತ್ತೇನೆ. ಆಗ ಒಂದೊಂದೇ ಹೊರಗೆ ಬರುತ್ತೆ.

ಹೌನ್‌ಸ್ಲೋದವರಿಗೆ ಅಭ್ಯಾಸ ಆಗಿರೋದು ವಿಮಾನ. ಹೀಥ್ರೂ ಪಕ್ಕದಲ್ಲೇ ಇದೆ, ಬೆಳಗಿನ ಜಾವ ಐದಕ್ಕೂ ಮುಂಚೆ ತಲೆ ಮೇಲೆ ಇಳಿಯೋಕೆ ಶುರು. ಅಲ್ಲಿ ಎರಡು ರನ್‌ವೇ. ಪಶ್ಚಿಮದ ಗಾಳಿ ಬೀಸುವ ದಿನ, ಅಂದರೆ ವರ್ಷದ ಹೆಚ್ಚಿನ ದಿನ, ಮಧ್ಯಾಹ್ನ 3 ಗಂಟೆಗೆ ಇಳಿಯುವ ರನ್‌ವೇ ಬದಲಾಯಿಸುತ್ತಾರೆ. ಎರಡೂ ಕಡೆಯವರಿಗೆ ಅರ್ಧರ್ಧ ದಿನ ನೆಮ್ಮದಿ ಇರಲಿ ಅಂತ. ಈ ವಾರ ಬೆಳಿಗ್ಗೆ ಸದ್ದು, ಮುಂದಿನ ವಾರ ಮಧ್ಯಾಹ್ನ ಸದ್ದು. ನಮ್ಮೂರಲ್ಲಿ ಹಿಂದೆ ಲೋಡ್ ಶೆಡ್ಡಿಂಗ್ ಟೈಮ್‌ಟೇಬಲ್ ಪೇಪರಿನಲ್ಲಿ ಬರುತ್ತಿತ್ತಲ್ಲ, ಹಾಗೆಯೇ ಇದನ್ನೂ ಮುಂಚೆಯೇ ಪ್ರಕಟಿಸುತ್ತಾರೆ. ಅಲ್ಲಿ ಪರಿಚಯದವರ ಮನೆಗೆ ಊಟಕ್ಕೆ ಹೋದರೆ ಒಂದು ತಮಾಷೆ ನೋಡಬಹುದು. ಮಾತಾಡ್ತಾ ಮಾತಾಡ್ತಾ ತಟ್ಟನೆ ನಿಲ್ಲಿಸುತ್ತಾರೆ, ವಿಮಾನ ದಾಟಿದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಸುತ್ತಾರೆ, ನಡುವೆ ನಿಲ್ಲಿಸಿದ್ದು ಅವರಿಗೇ ಗೊತ್ತಿರಲ್ಲ. ಸದ್ದಾ? ಯಾವ ಸದ್ದು? ಆದರೆ ಊರಿಂದ ಬಂದ ಅಪ್ಪ ಅಮ್ಮ ಏರ್‌ಪೋರ್ಟಿನಿಂದ ಹೊರಗೆ ಬಂದ ಅರ್ಧ ಗಂಟೆಯಲ್ಲಿ ಅವರ ಮನೆಯಲ್ಲಿ ಕಾಫಿ ಕುಡೀತಾ ಇರುತ್ತಾರೆ, ಅದಂತೂ ನಿಜ.

ಹೊಸಬರು ಇನ್ನೊಂದು ಕೆಲಸ ಮಾಡುತ್ತಾರೆ, ಟ್ಯೂಬ್, ಅಂದರೆ ಇಲ್ಲಿನ ಸುರಂಗ ರೈಲಿನ ಮ್ಯಾಪ್ ಹರಡಿಕೊಂಡು ಏರಿಯಾ ಆರಿಸೋದು. ಆ ಮ್ಯಾಪಿನ ಮೂಲ ಹ್ಯಾರಿ ಬೆಕ್ ಎಂಬುವರು ಬರೆದ ನಕ್ಷೆ, ಜನರ ಕೈಗೆ ಬಂದದ್ದು 1933ರಲ್ಲಿ. ಅವರು ದೂರದ ಲೆಕ್ಕವನ್ನೇ ಕೈಬಿಟ್ಟರು. ಯಾವ ಸ್ಟೇಷನ್ ಆದಮೇಲೆ ಯಾವುದು, ಎಲ್ಲಿ ಲೈನ್ ಬದಲಾಯಿಸಬೇಕು, ಅಷ್ಟೇ. ರೈಲು ಹತ್ತೋಕೆ ಅದಕ್ಕಿಂತ ಒಳ್ಳೆಯದು ಇಲ್ಲ, ಮನೆ ಹುಡುಕೋಕೆ ಅದಕ್ಕಿಂತ ಮೋಸದ್ದೂ ಇಲ್ಲ. ಲೆಸ್ಟರ್ ಸ್ಕ್ವೇರ್‌ಗೂ ಕೋವೆಂಟ್ ಗಾರ್ಡನ್‌ಗೂ ಮಧ್ಯೆ 300 ಮೀಟರೂ ಇಲ್ಲ ಅಂತ ಮ್ಯಾಪು ನೋಡಿದ ಯಾರಿಗೂ ಹೊಳೆಯಲ್ಲ. ಟಿಕೆಟ್ ದರಕ್ಕೆ ಅಂತ ಊರ ನಡುವಿನಿಂದ 1, 2, 3 ಅಂತ ಹಾಕಿಕೊಂಡು ಹೋದ ಝೋನ್ ಕೂಡ ಹಾಗೇ, ಕಾಗದದ ಮೇಲಿನ ಗೆರೆ. ಸ್ಟ್ರಾಟ್‌ಫರ್ಡ್ ಝೋನ್ 3ರಲ್ಲಿತ್ತು. 2016ರ ಜನವರಿಯಲ್ಲಿ 2 ಮತ್ತು 3ರ ಗಡಿಗೆ ಬಂತು. ಸ್ಟೇಷನ್ ಮಾತ್ರ ಇದ್ದಲ್ಲೇ ಇತ್ತು.

ಥೇಮ್ಸ್ ನದಿಯ ದಕ್ಷಿಣಕ್ಕೆ ಟ್ಯೂಬ್ ಗೆರೆಗಳು ಕಡಿಮೆ, ಯಾಕಂದರೆ ಅಲ್ಲಿ ಬೇರೆ ರೈಲು ಕಂಪನಿಗಳು ಮೊದಲೇ ಹಳಿ ಹಾಕಿ ಕೂತಿದ್ದವು. ಮ್ಯಾಪು ನೋಡಿದವರಿಗೆ ಆ ಕಡೆ ಊರೇ ಇಲ್ಲ ಅನ್ನಿಸುತ್ತೆ. ಕ್ರಾಯ್ಡನ್ ಅಂದರೆ ಮೂಗು ಮುರಿಯುತ್ತಾರೆ, ಝೋನ್ 5 ಅಲ್ವಾ ಅಂತ. ಈಸ್ಟ್ ಕ್ರಾಯ್ಡನ್ನಿನಲ್ಲಿ ಫಾಸ್ಟ್ ಟ್ರೈನ್ ಹತ್ತಿದರೆ ಕಾಲು ಗಂಟೆ ಚಿಲ್ಲರೆಯಲ್ಲಿ ಲಂಡನ್ ಬ್ರಿಜ್. ಝೋನ್ 3ರಲ್ಲಿ ಮನೆ ಮಾಡಿ ಬಸ್ಸಲ್ಲಿ ಟ್ಯೂಬ್ ಸ್ಟೇಷನ್ನಿಗೆ ಹೋಗುವವರು ಅಷ್ಟೊತ್ತಿಗೆ ಇನ್ನೂ ಬಸ್‌ಸ್ಟಾಪಿನಲ್ಲಿರುತ್ತಾರೆ. ದಕ್ಷಿಣದವರಿಗೆ ಅಭ್ಯಾಸ ಆಗಿರೋದು ಟ್ರೈನ್ ಕ್ಯಾನ್ಸಲ್ ಆಗೋದು, ಅದನ್ನು ಅವರು ಎರಡನೇ ಕಾಫಿ ಆದಮೇಲೆ ಹೇಳುತ್ತಾರೆ. ಅಂದಹಾಗೆ, ನಮ್ಮ ಬಸವಣ್ಣನವರೂ ದಕ್ಷಿಣ ದಂಡೆಯವರೇ. ಲ್ಯಾಂಬೆತ್‌ನಲ್ಲಿ ನದಿ ಪಕ್ಕದಲ್ಲೇ ಅವರ ಪ್ರತಿಮೆ ಇದೆ, 2015ರಿಂದ. ಯಾವ ಝೋನಿನಲ್ಲಿದ್ದರೂ ಊರಿಂದ ಬಂದವರನ್ನು ಕರೆದುಕೊಂಡು ಒಂದು ಸಲ ಅಲ್ಲಿಗೆ ಹೋಗಲೇಬೇಕು, ಆ ನೆಪದಲ್ಲಾದರೂ ಉತ್ತರದವರು ನದಿ ದಾಟುತ್ತಾರೆ.

ಇನ್ನು ಹ್ಯಾರೋ. ನಾನಿರೋದು ಅಲ್ಲೇ, ಸ್ವಲ್ಪ ಪಕ್ಷಪಾತ ಇದ್ದರೆ ಸಹಿಸಿಕೊಳ್ಳಿ. ಮೆಟ್ರೊಪಾಲಿಟನ್ ರೈಲ್ವೆ ಅಂತ ಒಂದು ಕಂಪನಿ ಇತ್ತು. 1863ರಲ್ಲಿ ಜಗತ್ತಿನ ಮೊದಲ ಸುರಂಗ ರೈಲು ಓಡಿಸಿದ್ದು ಅದೇ. ಮುಂದೆ ಊರಾಚೆಗೆ ಹಳಿ ಹಾಕುತ್ತಾ ಹೋದ ಹಾಗೆ ಪಕ್ಕದಲ್ಲಿ ಜಮೀನು ಉಳಿಯಿತಲ್ಲ, ಅದನ್ನು ಸುಮ್ನೆ ಬಿಡೋದ್ಯಾಕೆ ಅಂತ ಸೈಟು, ಮನೆಗಳ ವ್ಯಾಪಾರಕ್ಕೂ ಇಳಿಯಿತು. 1915ರಲ್ಲಿ ಆ ಸೀಮೆಗೆಲ್ಲ ‘ಮೆಟ್ರೋಲ್ಯಾಂಡ್’ ಅಂತ ಹೆಸರಿಟ್ಟು ಜಾಹೀರಾತು ಶುರು ಮಾಡಿತು. ಹಳ್ಳಿಯ ಹಸಿರಲ್ಲಿ ಮನೆ, ರೈಲು ಹತ್ತಿದರೆ ಆಫೀಸು. ಆ ಇಪ್ಪತ್ತು, ಮೂವತ್ತರ ದಶಕದಲ್ಲಿ ಸಿಟಿಯ ಗುಮಾಸ್ತರು ಬಂದು ಸೇರಿದ ಸೆಮಿ ಡಿಟ್ಯಾಚ್ಡ್ ಮನೆಗಳಲ್ಲಿ ಈಗ ಗುಜರಾತಿಗಳೂ ನಮ್ಮ ಸಾಫ್ಟ್‌ವೇರಿನವರೂ ಇದ್ದಾರೆ, ಅದೇ ಲೈನ್ ಹತ್ತಿ ಅದೇ ಸಿಟಿಗೆ ಹೋಗುತ್ತಾರೆ. ಹಸಿರು ಮಾತ್ರ ಇನ್ನೂ ನಾಲ್ಕು ಸ್ಟೇಷನ್ ಆಚೆಗೆ ಹೋಗಿದೆ. ನಮಗೆ ಅಭ್ಯಾಸ ಆಗಿರೋದು ನಡುಗೋಡೆ. ಎರಡು ಮನೆಗೂ ಅದೊಂದೇ. ನಮ್ಮ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋದು ನಮಗಿಂತ ಪಕ್ಕದ ಮನೆಯ ಅಜ್ಜಿಗೆ ಚೆನ್ನಾಗಿ ಗೊತ್ತು.

ವಾಸ್ತು ನೋಡುವವರ ಕಥೆ ಬೇರೆ. ಇಲ್ಲಿನ ಏಜೆಂಟು ‘ಸೌತ್ ಫೇಸಿಂಗ್’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿರುತ್ತಾನೆ. ದಕ್ಷಿಣ ಅಂದ ತಕ್ಷಣ ನಮ್ಮವರು ಎದ್ದು ಹೊರಡುತ್ತಾರೆ, ಅದು ಯಮನ ದಿಕ್ಕು. ಡಿಸೆಂಬರಿನಲ್ಲಿ ಇಲ್ಲಿ ಹಗಲು ಎಂಟು ಗಂಟೆಯೂ ಇರಲ್ಲ, ಸೂರ್ಯ ದಕ್ಷಿಣದಲ್ಲಿ ಬಗ್ಗಿಕೊಂಡೇ ಹೋಗಿಬಿಡುತ್ತಾನೆ, ಆ ಕಡೆ ಮುಖ ಇಲ್ಲದಿದ್ದರೆ ಚಳಿಗಾಲವೆಲ್ಲ ಬಟ್ಟೆ ಒಣಗಲ್ಲ, ಗೋಡೆ ಮೂಲೆಯಲ್ಲಿ ಕಪ್ಪು ಬೂಸ್ಟು. ಆದರೆ ಗಾಬರಿ ಬೇಡ. ಏಜೆಂಟು ಹೇಳೋದು ಸಾಮಾನ್ಯವಾಗಿ ಹಿತ್ತಲಿನ ವಿಷಯ. ಹಿತ್ತಲು ದಕ್ಷಿಣಕ್ಕಿದ್ದರೆ ಮುಂಬಾಗಿಲು ಉತ್ತರಕ್ಕೆ, ಅಂದರೆ ಕುಬೇರನ ಕಡೆಗೆ! ಏಜೆಂಟೂ ಖುಷಿ, ಅತ್ತೆಯವರೂ ಖುಷಿ. ಎಷ್ಟೋ ಮನೆಗಳನ್ನು ಇದು ಗೊತ್ತಿಲ್ಲದೆ ಬಿಟ್ಟಿದ್ದಾರೆ ನಮ್ಮ ಜನ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇಲ್ಲಿ ಮೊದಮೊದಲು ಸ್ವರ್ಗ ಅನ್ನಿಸುತ್ತೆ. 2019ರ ಕಾನೂನಿನ ಪ್ರಕಾರ ಸಾಮಾನ್ಯ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಕೇಳುವಂತಿಲ್ಲ. ಆಮೇಲೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಲ್ಲಿನ ಮುನಿಸಿಪಾಲಿಟಿ ತೆರಿಗೆಯ ಬಿಲ್ಲು ಬರುತ್ತೆ. ಅದನ್ನು ಕಟ್ಟಬೇಕಾದ್ದು ಓನರಲ್ಲ, ನೀವು. ಲೆಕ್ಕ ಹಾಕೋದು 1991ರ ಏಪ್ರಿಲ್‌ನಲ್ಲಿ ಆ ಮನೆಗೆ ಎಷ್ಟು ಬೆಲೆ ಇತ್ತು ಅಂತ ನೋಡಿ. ಮೊನ್ನೆ ಮೊನ್ನೆ ಕಟ್ಟಿದ ಫ್ಲ್ಯಾಟಿಗೂ ನೀನು 1991ರಲ್ಲಿ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿದ್ದೆ ಅಂತಲೇ ಕೇಳುತ್ತಾರೆ. ಮೇಲಾಗಿ ಕೌನ್ಸಿಲಿಂದ ಕೌನ್ಸಿಲಿಗೆ ದರ ಬೇರೆ, ಗಡಿಯ ಬೀದಿಯಾದರೆ ಎದುರು ಮನೆಯವರು ನಿಮಗಿಂತ ಕಡಿಮೆ ಕಟ್ಟುತ್ತಿರಬಹುದು.

ಮಗುವಿಗೆ ಮೂರು ತುಂಬುವವರೆಗೆ ಈ ಚರ್ಚೆಯೆಲ್ಲ. ಆಮೇಲೆ ಒಂದೇ ವಿಷಯ, ಸ್ಕೂಲು. ಒಳ್ಳೆಯ ಸರ್ಕಾರಿ ಶಾಲೆಗೆ ಅರ್ಜಿ ಜಾಸ್ತಿ ಬಂದರೆ ಬಹಳ ಕಡೆ ಅಣ್ಣ ಅಕ್ಕ ಅಲ್ಲೇ ಓದುತ್ತಿರುವ ಮಕ್ಕಳಿಗೆ ಮೊದಲು, ಉಳಿದವರಿಗೆ ಮನೆಯಿಂದ ಶಾಲೆಗೆ ಎಷ್ಟು ದೂರ ಅಂತ ಮೀಟರ್ ಲೆಕ್ಕ. ಜನವರಿ 15ರೊಳಗೆ ಅರ್ಜಿ, ಏಪ್ರಿಲ್ 16ಕ್ಕೆ ಫಲಿತಾಂಶ. ಹೋದ ವರ್ಷ ಎಷ್ಟು ಮೀಟರಿಗೆ ಸೀಟು ನಿಂತಿತು ಅನ್ನೋದನ್ನು ಅಪ್ಪಂದಿರು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಪಾರ್ಕು, ವಿಮಾನ, ಕುಬೇರ ಎಲ್ಲ ಮರೆತು, ಇನ್ನೂ ಸಣ್ಣ ಮನೆಗೆ ಇನ್ನೂ ಜಾಸ್ತಿ ಬಾಡಿಗೆ ಕೊಟ್ಟು, ಶಾಲೆಯ ಗೇಟಿನ ಹತ್ತಿರ ಬಂದು ಸೇರುತ್ತಾರೆ.

ಹಾಗಂತ ಆರಿಸೋಕೆ ಟೈಮ್ ಸಿಗುತ್ತೆ ಅಂದುಕೊಳ್ಳಬೇಡಿ. ಒಂದು ಮನೆಗೆ ವ್ಯೂಯಿಂಗ್ ಹದಿನೈದು ನಿಮಿಷ, ಅದೂ ಒಬ್ಬರ ಹಿಂದೆ ಒಬ್ಬರು. ಮಧ್ಯಾಹ್ನ ನೋಡಿ ರಾತ್ರಿ ಯೋಚನೆ ಮಾಡೋಣ ಅಂದರೆ ಸಂಜೆಗೆ ಮನೆ ಹೋಗಿರುತ್ತೆ. ಒಮ್ಮೆ ನಾವು ಮೆಟ್ಟಿಲ ಮೇಲೆ ಸರದಿಯಲ್ಲಿ ನಿಂತು, ಯಾರಿಗೂ ಅರ್ಥ ಆಗಲ್ಲ ಅನ್ನೋ ಧೈರ್ಯದಲ್ಲಿ ಕನ್ನಡದಲ್ಲಿ ಜೋರಾಗಿ ಲೆಕ್ಕಾಚಾರ ಮಾಡುತ್ತಿದ್ದೆವು, ಬಾಡಿಗೆ ಇಷ್ಟು ಇಳಿಸಿ ಕೇಳೋಣ, ಅಡುಗೆಮನೆ ಪರವಾಗಿಲ್ಲ ಅನ್ಸುತ್ತೆ ಅಂತೆಲ್ಲ. ಒಳಗಿಂದ ನೋಡಿಕೊಂಡು ಇಳಿಯುತ್ತಿದ್ದವರು ಪಕ್ಕಕ್ಕೆ ಬಂದು ಮೆಲ್ಲಗೆ, “ಸಾರ್, ಬಾತ್‌ರೂಮಲ್ಲಿ ಕಿಟಕಿನೂ ಇಲ್ಲ, ಎಕ್ಸಾಸ್ಟ್ ಫ್ಯಾನೂ ಕೆಟ್ಟಿದೆ, ನೋಡ್ಕೊಳ್ಳಿ. ನಿಮ್ದು ಯಾವೂರಾಯ್ತು?” ಅಂದರು. ಹಾಸನದವರಂತೆ. ಎಂಥ ಒಳ್ಳೆಯ ಮನುಷ್ಯ ಅಂದುಕೊಂಡು ನಾವು ಆ ಮನೆಯ ಆಸೆ ಬಿಟ್ಟೆವು. ಮರುದಿನ ಏಜೆಂಟಿಗೆ ಫೋನ್ ಮಾಡಿದಾಗ ಗೊತ್ತಾಯಿತು, ಮನೆ ಅವರಿಗೇ ಆಗಿದೆ.