ಡಿಎನ್‌ಎ ಒಂದೇ ಸಾಲದು
ಮರ ಕೊಳೆಸುವ ಅಣಬೆಗಳನ್ನು ಡಿಎನ್‌ಎ ಒಂದರಿಂದಲೇ ಗುರುತಿಸಬಹುದು ಎಂದು ಲೇಖನದಲ್ಲಿದೆ. ನಾನು ಒಪ್ಪುವುದಿಲ್ಲ. ನಮ್ಮ ತಿಪಟೂರು ಕಡೆ ತೆಂಗಿಗೆ ಅಣಬೆ ರೋಗ ತರುವ ಗ್ಯಾನೋಡರ್ಮಾವನ್ನೇ ನೋಡಿ. ಗಾಳಿ, ಬೆಳಕು ಬದಲಾದರೆ ಅದರ ಆಕಾರವೂ ಬದಲಾಗುತ್ತದೆ. ಹೊರನೋಟ ಮೋಸ ಮಾಡುತ್ತದೆ, ನಿಜ. ಆದರೆ ಡಿಎನ್‌ಎ ಹೋಲಿಕೆಯೂ ಮೋಸ ಮಾಡಬಹುದು. ಇದೇ ಗುಂಪಿನ ಗ್ಯಾನೋಡರ್ಮಾ ಲೂಸಿಡಮ್ ಎಂಬ ಪ್ರಭೇದವನ್ನು 1781ರಲ್ಲಿ ಮೊದಲು ವಿವರಿಸಿದ್ದು ಇಂಗ್ಲೆಂಡಿನ ಅಣಬೆಯ ಆಧಾರದ ಮೇಲೆ. ಅದೇ ಹೆಸರನ್ನು ಚೀನಾದ ಔಷಧಿ ಅಣಬೆ ಲಿಂಗ್‌ಝಿಗೂ ಬಹಳ ಕಾಲ ಅಂಟಿಸಿದ್ದರು. ಅದು ಬೇರೆ ಪ್ರಭೇದ ಎಂದು ಹೊಸ ಹೆಸರಿಟ್ಟಿದ್ದು 2012ರಲ್ಲಿ. ಹಳೇ ತಪ್ಪು ಹೆಸರು ಹೊತ್ತ ದಾಖಲೆಗಳು ಡಿಎನ್‌ಎ ಮಾಹಿತಿ ಕೂಡಿಟ್ಟಿರುವ ಜೀನ್‌ಬ್ಯಾಂಕ್‌ ಎಂಬ ಸಾರ್ವಜನಿಕ ಭಂಡಾರದಲ್ಲಿ ಸಾಕಷ್ಟಿವೆ. ನಮ್ಮ ಅಣಬೆಯ ಡಿಎನ್‌ಎಯನ್ನು ಸುಮ್ನೆ ಅವಕ್ಕೆ ಹೋಲಿಸಿದರೆ ನಾವಿಡುವ ಹೆಸರೂ ತಪ್ಪಾಗುತ್ತದೆ, ಅಲ್ವಾ? ದೇವರಾಯನದುರ್ಗದಲ್ಲಿ ಮಾದರಿ ತೆಗೆಯುವವರು ದಯವಿಟ್ಟು ಯಾವ ಮರ, ಮೇಲ್ಮೈ ಹೊಳಪು, ಕೆಳಗಿನ ರಂಧ್ರ, ಬೀಜಕದ ಎರಡು ಪದರದ ಗೋಡೆ ಎಲ್ಲವನ್ನೂ ಬರೆದಿಡಿ. ಅಣಬೆಯನ್ನೂ ಒಣಗಿಸಿಡಿ.