ಚುಚ್ಚಿದ್ದು ನಿನಗಲ್ಲವಲ್ಲ!

ಬೆಳಿಗ್ಗೆ ಸಕ್ಕರೆ ಪರೀಕ್ಷೆಗೆಂದು ಲ್ಯಾಬಿನಲ್ಲಿ ಕುಳಿತಿದ್ದೆ. ಎದುರಿನ ಕುರ್ಚಿಯಲ್ಲಿ ನಾಲ್ಕು ವರ್ಷದ ಹುಡುಗಿ. ತೋಳಿಗೆ ರಬ್ಬರ್ ಪಟ್ಟಿ ಬಿಗಿದರು, ಸೂಜಿ ಹೋಯಿತು, ಅವಳು ಕಿರುಚಿದಳು. ಪಕ್ಕದಲ್ಲಿ ನಿಂತಿದ್ದ ಎಂಟು ವರ್ಷದ ಅಣ್ಣ ಅದೇ ಗಳಿಗೆಯಲ್ಲಿ ತನ್ನ ಮೊಣಕೈಯ ಒಳಮಡಿಕೆಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಕಣ್ಣ ತುಂಬ ನೀರು. “ಚುಚ್ಚಿದ್ದು ನಿನಗಲ್ಲವಲ್ಲ, ನಿನಗೇಕೆ ಅಳು? ಗಂಡುಮಗ ನೀನು!” ಎಂದು ಅಪ್ಪ ಗದರಿದರು. ಕುಳಿತವರೆಲ್ಲ ನಕ್ಕರು. ಹುಡುಗ ತಟ್ಟನೆ ಕೈ ಇಳಿಬಿಟ್ಟ.

ಹೊಟ್ಟೆ ಉರಿಯಿತು ನನಗೆ. ನಿನಗೇಕೆ ಅಳು ಎಂದರೆ ಏನರ್ಥ? ಅವನಿಗೂ ನೋವಾಗಿದೆ, ಅದಕ್ಕೇ ಅಳು!

2004ರಲ್ಲಿ ಲಂಡನ್ನಿನಲ್ಲಿ ಮಿದುಳಿನ ಸಂಶೋಧಕಿ ತಾನಿಯಾ ಸಿಂಗರ್ ಮತ್ತು ಸಂಗಡಿಗರು 16 ಜೋಡಿಗಳನ್ನು ಪರೀಕ್ಷಿಸಿದರು. ಮಿದುಳಿನ ಸ್ಕ್ಯಾನರಿನೊಳಗೆ ಹೆಣ್ಣು, ಪಕ್ಕದಲ್ಲಿ ಅವಳ ಸಂಗಾತಿ. ಒಮ್ಮೆ ಅವಳ ಕೈಗೆ ವಿದ್ಯುತ್ ಚುರುಕು, ಒಮ್ಮೆ ಅವನ ಕೈಗೆ. ಅವನಿಗೆ ನೋವಾದಾಗಲೂ ಅವಳ ಮಿದುಳಿನಲ್ಲಿ ನೋವಿನ ಸಂಕಟಕ್ಕೆ ಮಿಡಿಯುವ ಇನ್ಸುಲಾ ಮತ್ತು ಸಿಂಗ್ಯುಲೇಟ್ ಭಾಗಗಳು ತನಗೇ ನೋವಾದಂತೆ ಎಚ್ಚೆತ್ತವು. ನೋವು ಮೈಯಲ್ಲಿ ಎಲ್ಲಿ ಎಂದು ಗುರುತಿಸುವ ಭಾಗ ಮಾತ್ರ ಸುಮ್ಮನಿತ್ತು. ಅಂದರೆ ಚುಚ್ಚಿದ ಜಾಗ ತಂಗಿಯದು, ಸಂಕಟ ಇಬ್ಬರದೂ. ಆ ಹುಡುಗ ನಾಟಕವಾಡಲಿಲ್ಲ ಸ್ವಾಮಿ.

ಎಲ್ಲರ ನೋವನ್ನೂ ಹಚ್ಚಿಕೊಂಡರೆ ಬದುಕುವುದು ಹೇಗೆ ಎನ್ನುತ್ತೀರಿ. 22 ವರ್ಷ ಇದೇ ಸೂಜಿ ಹಿಡಿದವಳು ನಾನು, ನನಗೆ ಗೊತ್ತಿಲ್ಲವೇ? ಕೈ ನಡುಗಿದರೆ ನರ ಸಿಗುವುದಿಲ್ಲ. ಅಕ್ಯುಪಂಕ್ಚರ್ ವೈದ್ಯರು ಸೂಜಿ ಚುಚ್ಚುವ ದೃಶ್ಯ ನೋಡುವಾಗ ಅವರ ಇನ್ಸುಲಾ ಅಷ್ಟಾಗಿ ಮಿಡಿಯಲಿಲ್ಲ, ಹಣೆಯ ಹಿಂದಿನ ಹತೋಟಿಯ ಭಾಗ ಕೆಲಸ ಮಾಡುತ್ತಿತ್ತು ಎಂದು 2007ರ ಒಂದು ಅಧ್ಯಯನ ತೋರಿಸಿದೆ. ಸರಿ. ಆದರೆ ಅದು ವರ್ಷಗಟ್ಟಲೆ ಕೆಲಸ ಮಾಡುತ್ತ ಬರುವ ಹತೋಟಿ. ಎಂಟು ವರ್ಷದ ಮಗುವನ್ನು ನಾಲ್ಕು ಜನರೆದುರು ನಾಚಿಸುವುದನ್ನು ಹತೋಟಿ ಕಲಿಸುವುದು ಎನ್ನುತ್ತಾರೆಯೇ?

ಇಷ್ಟು ಕೋಪ ಏಕೆಂದು ಹೇಳಿಬಿಡುತ್ತೇನೆ. ನನ್ನ ಮಗ ಚಿಕ್ಕವನಿದ್ದಾಗ, ಬೀದಿಯಲ್ಲಿ ಗಾಡಿಗೆ ಸಿಕ್ಕ ನಾಯಿಮರಿಯನ್ನು ನೋಡಿ ರಾತ್ರಿಯೆಲ್ಲ ಅತ್ತಿದ್ದ. ಡ್ಯೂಟಿ ಮುಗಿಸಿ ಬಂದ ಆಯಾಸದಲ್ಲಿ ನಾನೂ ಅದೇ ಮಾತು ಆಡಿದ್ದೆ: “ನಿನಗೇನಾಯಿತೀಗ?” ಅವನು ದಿಂಬಿಗೆ ಮುಖ ಒತ್ತಿಕೊಂಡ.

ಈಗ ದೊಡ್ಡವನಾಗಿದ್ದಾನೆ. ನನಗೆ ಜ್ವರ ಬಂದರೆ ಮಾತ್ರೆ, ನೀರು ಎರಡನ್ನೂ ಹೊತ್ತಿಗೆ ಸರಿಯಾಗಿ ಮಂಚದ ಪಕ್ಕ ಇಡುತ್ತಾನೆ. ಕೂರುವುದಿಲ್ಲ.